ಐವರ ಆಟ, ಒಬ್ಬನ ಪದಕ

ಕಾಲೇಜುಗಳಲ್ಲಿ ಆಟದ ಋತು ಮುಗಿದೊಡನೆ ಸನ್ಮಾನದ ಋತು ಆರಂಭವಾಗುತ್ತದೆ. ಮುಳಗುಂದದಿಂದ ಗದಗ, ಧಾರವಾಡಗಳಿಗೆ ಓದಲು ಹೋಗುವ ವಿದ್ಯಾರ್ಥಿಗಳಿಗೆ ‘ಯೂನಿವರ್ಸಿಟಿ ಬ್ಲೂ’ ಎಂಬ ಮಾತು ಹೊಸದಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಆಯ್ಕೆಯಾದವರಿಗೆ ಸಲ್ಲುವ ಬಿರುದು ಅದು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಈ ಪದ್ಧತಿ ಇನ್ನೂ ಮುಂದುವರಿದಿದೆ. ಅಲ್ಲಿ ಋತುವಿನ ಕೊನೆಗೆ ‘ಆಲ್ ಅಮೆರಿಕನ್’ ತಂಡವೆಂದು ಐವರನ್ನು ಹೆಸರಿಸುತ್ತಾರೆ. ಅದೂ ಸಾಲದೆ ‘ವರ್ಷದ ಆಟಗಾರ’ನೆಂದು ಒಬ್ಬನನ್ನು ಆರಿಸುತ್ತಾರೆ. ಐವರು ಕೂಡಿ ಗೆದ್ದುದನ್ನು ಒಬ್ಬನ ಕೊರಳಿಗೆ ಹಾಕುವುದು ನ್ಯಾಯವೇ?

ಬುಟ್ಟಿಗೆ ಚೆಂಡು ಹಾಕಿದವನ ಹೆಸರಿಗೆ ಅಂಕ ಜಮೆಯಾಗುತ್ತದೆ. ಚೆಂಡನ್ನು ಅವನ ಕೈಗಿತ್ತವನಿಗೂ ‘ಅಸಿಸ್ಟ್’ ಎಂಬ ಲೆಕ್ಕವುಂಟು. ಎದುರಾಳಿಯ ದಾರಿಗೆ ಅಡ್ಡ ನಿಂತು ಗೆಳೆಯನಿಗೆ ತೆರಪು ಮಾಡಿಕೊಟ್ಟವನಿಗೆ ಮಾತ್ರ ಅಂಕಪಟ್ಟಿಯಲ್ಲಿ ಖಾತೆಯೇ ಇಲ್ಲ. ಪಾಲುದಾರಿಕೆಯ ಅಂಗಡಿಯಲ್ಲಿ ಹೀಗೆ ಲೆಕ್ಕ ಬರೆದರೆ ಪಾಲುದಾರರು ಮುಂದಿನ ದೀಪಾವಳಿಯವರೆಗೆ ಉಳಿಯಲಾರರು.

ಹಾಗೆಂದು ಸನ್ಮಾನವೇ ಬೇಡವೆನ್ನಲಾಗದು. ಪರರಲ್ಲಿರುವ ಸದ್ಗುಣವನ್ನು ಮುಚ್ಚಿಡುವುದನ್ನೂ ತತ್ತ್ವಾರ್ಥಸೂತ್ರವು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಎಣಿಸಿದೆ. ಇತ್ತ ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಹೇಳಿದ ಎಂಟು ಮದಗಳಲ್ಲಿ ಬಲ, ಶರೀರ, ಪೂಜೆ, ಅಂದರೆ ಪಡೆದ ಗೌರವ, ಈ ಮೂರೂ ಆಟಗಾರನ ಬಾಗಿಲಲ್ಲೇ ಕಾದಿರುತ್ತವೆ. ಕೊಡುವವರು ಜಿಪುಣರಾಗಬಾರದು, ಪಡೆಯುವವನು ಬೀಗಬಾರದು.

ಮುಳಗುಂದದ ನಯಸೇನನು 1112ರಲ್ಲಿ ಮುಗಿಸಿದ ‘ಧರ್ಮಾಮೃತ’ದಲ್ಲಿ 14 ಆಶ್ವಾಸಗಳಿವೆ: ಸಮ್ಯಗ್ದರ್ಶನಕ್ಕೆ ಒಂದು ಕಥೆ, ಅದರ ಎಂಟು ಅಂಗಗಳಿಗೆ ಎಂಟು, ಐದು ಅಣುವ್ರತಗಳಿಗೆ ಐದು. ಒಂದೊಂದು ಗುಣಕ್ಕೂ ಬೇರೆ ಕಥೆ. ಕಾಲೇಜುಗಳೂ ಹೀಗೆ ಹಂಚಬಹುದಲ್ಲವೇ? ತಡೆದವನಿಗೆ, ಚೆಂಡು ಹಂಚಿದವನಿಗೆ, ಋತುವಿಡೀ ಬೆಂಚಿನಲ್ಲಿ ಕುಳಿತೂ ಅಭ್ಯಾಸ ತಪ್ಪಿಸದವನಿಗೆ ಒಂದೊಂದು ಮನ್ನಣೆ ಸಲ್ಲಲಿ. ಖರ್ಚೇನೂ ಹೆಚ್ಚಲ್ಲ.

ಆರಿಸುವವರ ಕಣ್ಣೂ ಯಾವಾಗಲೂ ನೆಟ್ಟಗಿರುವುದಿಲ್ಲ. 1955ರಲ್ಲಿ ಬಿಲ್ ರಸೆಲ್ ಅವರು ಸಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ ತಂಡವನ್ನು ರಾಷ್ಟ್ರದ ಪ್ರಶಸ್ತಿಗೆ ಕೊಂಡೊಯ್ದರು. 29 ಪಂದ್ಯಗಳಲ್ಲಿ ಸೋತದ್ದು ಒಂದೇ. ಆದರೂ ಉತ್ತರ ಕ್ಯಾಲಿಫೋರ್ನಿಯಾದ ವರ್ಷದ ಆಟಗಾರನೆಂಬ ಗೌರವ ಬೇರೊಬ್ಬರಿಗೆ ಹೋಯಿತು. ರಸೆಲ್ ಕಪ್ಪು ಜನಾಂಗದವರು. ವ್ಯಕ್ತಿಗೌರವ ಇತರರ ಕೈಯಲ್ಲಿದೆ, ತಂಡದ ಗೆಲುವು ತಮ್ಮ ಕೈಯಲ್ಲಿದೆ ಎಂದು ಅವರು ಅಂದೇ ತಿಳಿದರು. ಮುಂದೆ ಬೋಸ್ಟನ್ ತಂಡದಲ್ಲಿ 13 ಋತುಗಳಲ್ಲಿ 11 ಬಾರಿ ಪ್ರಶಸ್ತಿ ಗೆದ್ದರು. 1975ರಲ್ಲಿ ಬಾಸ್ಕೆಟ್‌ಬಾಲಿನ ಕೀರ್ತಿಮಂದಿರಕ್ಕೆ ಅವರ ಹೆಸರು ಸೇರಿದಾಗ ಅವರು ಸಮಾರಂಭಕ್ಕೆ ಹೋಗಲಿಲ್ಲ. ತಮಗಿಂತ ಹಿಂದಿನ ಕಪ್ಪು ಆಟಗಾರರಿಗೆ ಆ ಗೌರವ ಮೊದಲು ಸಲ್ಲಬೇಕಿತ್ತೆಂಬುದು ಅವರ ನಿಲುವು. ಗುಣಾಧಿಕರಲ್ಲಿ ಹರ್ಷಪಡುವ ಪ್ರಮೋದಭಾವನೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಆಟದ ಅಂಗಳದಲ್ಲಿ ವಿರಳ. 1950ರಲ್ಲಿ ಎನ್‌ಬಿಎ ತಂಡವೊಂದು ಆರಿಸಿಕೊಂಡ ಮೊದಲ ಕಪ್ಪು ಆಟಗಾರ ಚಕ್ ಕೂಪರ್ ಅವರ ಹೆಸರು 2019ರಲ್ಲಿ ಆ ಮಂದಿರಕ್ಕೆ ಸೇರಿತು. ಅದೇ ವರ್ಷ, 44 ವರ್ಷಗಳ ತರುವಾಯ, ರಸೆಲ್ ತಮ್ಮ ಉಂಗುರವನ್ನು ಸ್ವೀಕರಿಸಿದರು.