ಕಾಯುವವರಿಗೆ ಸಲ್ಲಬೇಕಾದ ಸತ್ಯ



ಮನೆಯವರೊಬ್ಬರು ತೀರಿಕೊಂಡರೆ ನಾವು ಅಳುತ್ತೇವೆ, ಮಣ್ಣು ಮಾಡುತ್ತೇವೆ, ಬಲಿಪೂಜೆ ಅರ್ಪಿಸುತ್ತೇವೆ. ಕಾಲಕ್ರಮೇಣ ದುಃಖವು ಒಂದು ನೆಲೆಗೆ ಬರುತ್ತದೆ. ಆದರೆ ಯುದ್ಧದ ನಡುವೆ ಸಿಲುಕಿದವರು ಬದುಕಿರುವರೋ ಇಲ್ಲವೋ ಎಂಬುದೇ ತಿಳಿಯದಿದ್ದರೆ? ಆ ಮನೆಯಲ್ಲಿ ಅಳುವುದಕ್ಕೂ ಅಂಜಿಕೆ, ನಗುವುದಕ್ಕೂ ಸಂಕೋಚ. ಅಂಥವರಿಗೆ "ಖಂಡಿತ ಬರುತ್ತಾರೆ" ಎನ್ನುವುದು ಕರುಣೆಯೇ? "ಇನ್ನು ಮರೆತುಬಿಡಿ" ಎನ್ನುವುದು ವಿವೇಕವೇ?

ಈ ಪ್ರಶ್ನೆ ನಮಗೆ ದೂರದ್ದಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮನೆಗಳಿಂದಲೂ ಮಕ್ಕಳು ಓದಿಗಾಗಿ, ಹೊಟ್ಟೆಪಾಡಿಗಾಗಿ ದೂರ ಹೋಗುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾಳಗ ಹೊತ್ತಿಕೊಂಡಾಗ, ಗಿಡಮೂಲಿಕೆಯ ಔಷಧಿ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರು ಅಲ್ಲಿ ಸಿಲುಕಿಕೊಂಡರು. ಚನ್ನಗಿರಿ ತಾಲೂಕಿನವರೂ ಅವರಲ್ಲಿದ್ದರು. 'ಆಪರೇಷನ್ ಕಾವೇರಿ'ಯ ಮೂಲಕ 3,800ಕ್ಕೂ ಹೆಚ್ಚು ಜನರನ್ನು ಕರೆತರಲಾಯಿತು. ಅದಕ್ಕೂ ಹಿಂದಿನ ವರ್ಷ, 2022ರ ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ಉಕ್ರೇನಿನ ಖಾರ್ಕಿವ್‌ನಲ್ಲಿ ಮಡಿದನು. ಇಪ್ಪತ್ತು ದಿನಗಳ ನಂತರ ದೇಹ ಊರಿಗೆ ಬಂತು. ತಂದೆತಾಯಿಗಳು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿತ್ತರು. ಅವರ ದುಃಖ ಅಪಾರವಾದರೂ, ಮಗನನ್ನು ಕಣ್ಣಾರೆ ಕಂಡು ಬೀಳ್ಕೊಡುವ ಅವಕಾಶವಾದರೂ ಅವರಿಗಿತ್ತು.

ಈ ಅವಕಾಶ ಎಲ್ಲರಿಗೂ ಒದಗುವುದಿಲ್ಲ. 2014ರ ಜೂನ್‌ನಲ್ಲಿ ಇರಾಕಿನ ಮೋಸುಲ್‌ನಲ್ಲಿ ನಮ್ಮ ದೇಶದ 40 ಕಾರ್ಮಿಕರು ಅಪಹೃತರಾದರು. ತಪ್ಪಿಸಿಕೊಂಡು ಬಂದ ಒಬ್ಬನು, ಉಳಿದವರೆಲ್ಲ ಹತರಾದರೆಂದು ಹೇಳಿದನು. ಆದರೆ ಸಾಕ್ಷ್ಯವಿಲ್ಲದೆ ಯಾರನ್ನೂ ಸತ್ತರೆಂದು ಸಾರುವುದು ಪಾಪವೆಂಬುದು ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರ ನಿಲುವಾಗಿತ್ತು. ಮೋಸುಲ್ ಬಿಡುಗಡೆಯಾದ ಮೇಲೆ, ಬಾದುಶ್ ಎಂಬಲ್ಲಿನ ದಿಬ್ಬವನ್ನು ಅಗೆದು ದೇಹಗಳನ್ನು ಹೊರತೆಗೆದರು. ಬಂಧುಗಳ ಡಿಎನ್‌ಎಯೊಡನೆ ಹೋಲಿಸಿ ಗುರುತು ಹಚ್ಚಿದರು. 2018ರ ಮಾರ್ಚ್ 20ರಂದು, 39 ಮಂದಿಯೂ ಮೃತರೆಂದು ಸಂಸತ್ತಿಗೆ ತಿಳಿಸಲಾಯಿತು. ಹಲವು ಮನೆಯವರಿಗೆ ಆ ಸುದ್ದಿ ಮೊದಲು ಮುಟ್ಟಿದ್ದು ಟಿ.ವಿ.ಯಿಂದ!

ಇಲ್ಲಿ ಯೋಚಿಸಬೇಕಾದ ಎರಡು ಸಂಗತಿಗಳಿವೆ. ಸಾಕ್ಷ್ಯಕ್ಕಾಗಿ ಕಾಯುವುದು ಸರಿಯೇ. ತಪ್ಪು ದೇಹವನ್ನು ತಾಯಿಯ ಮಡಿಲಿಗಿಟ್ಟರೆ ಇನ್ನೊಬ್ಬ ತಾಯಿಗೂ ಅನ್ಯಾಯವಾಗುತ್ತದೆ. ಆದರೆ ಸಾಕ್ಷ್ಯವಿಲ್ಲವೆಂಬ ಮಾತನ್ನು ಬದುಕಿದ್ದಾರೆಂಬ ಭರವಸೆಯಾಗಿ ಮಾರ್ಪಡಿಸುವುದು ಸರಿಯಲ್ಲ. ಹಾಗೆಯೇ, ತಿಳಿದ ಸತ್ಯವನ್ನು ಯಾರಿಗೆ ಮೊದಲು, ಹೇಗೆ ತಿಳಿಸುತ್ತೇವೆ ಎಂಬುದೂ ಧರ್ಮದ ಪ್ರಶ್ನೆಯೇ. ತಮ್ಮವರ ಗತಿಯೇನಾಯಿತೆಂದು ತಿಳಿಯುವುದು ಕುಟುಂಬಗಳ ಹಕ್ಕೆಂದು ಜಿನೀವಾ ಒಪ್ಪಂದಗಳ 1977ರ ಪೂರಕ ಒಡಂಬಡಿಕೆ ಹೇಳುತ್ತದೆ. ಏಳು ವರ್ಷ ಸುಳಿವಿಲ್ಲದವರನ್ನು ಮೃತರೆಂದು ಭಾವಿಸಲು ನಮ್ಮ ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ, ನಿಜ. ಅದರಿಂದ ಆಸ್ತಿಯ ವ್ಯವಹಾರ ಬಗೆಹರಿದೀತು. ಹೃದಯದ ಪ್ರಶ್ನೆ ಬಗೆಹರಿಯದು.

ಮೋಸುಲ್‌ನ ಮಗ್ಗುಲಲ್ಲೇ ಪ್ರಾಚೀನ ನಿನೆವೆಯ ಅವಶೇಷಗಳಿವೆ. ಅದೇ ನಿನೆವೆಗೆ ಸೆರೆಯಾಳಾಗಿ ಹೋಗಿದ್ದ ತೋಬಿತನು, ಕೊಲೆಯಾಗಿ ಬಿಸುಟಲ್ಪಟ್ಟ ತನ್ನ ಜನರ ದೇಹಗಳನ್ನು ಪ್ರಾಣಭಯವನ್ನೂ ಲೆಕ್ಕಿಸದೆ ಹೂಳಿದನೆಂದು ಪವಿತ್ರ ಗ್ರಂಥದಲ್ಲಿ ಓದುತ್ತೇವೆ. ಸತ್ತವರನ್ನು ಮಣ್ಣು ಮಾಡುವುದನ್ನು ಧರ್ಮಸಭೆಯು ದಯಾಕಾರ್ಯಗಳಲ್ಲಿ ಒಂದೆಂದು ಎಣಿಸಿದೆ. ಹೆಸರಿಲ್ಲದ ಎಲುಬುಗಳಿಗೆ ಹೆಸರು ಹುಡುಕಿಕೊಡುವವರು ಇಂದು ಆ ಕಾರ್ಯವನ್ನೇ ಮುಂದುವರಿಸುತ್ತಿದ್ದಾರೆ.

ನಮ್ಮಿಂದ ಏನಾದೀತು? ಮನೆಯಿಂದ ದೂರ ಹೋಗುವವರ ಇತ್ತೀಚಿನ ಭಾವಚಿತ್ರ, ಪಾಸ್‌ಪೋರ್ಟಿನ ಪ್ರತಿ, ದೇಹದ ಗುರುತುಗಳ ವಿವರವನ್ನು ಮನೆಯಲ್ಲಿ ಜೋಪಾನವಾಗಿಡೋಣ. ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಲು ಹೇಳೋಣ. ಸಂಪರ್ಕ ತಪ್ಪಿದ ಕುಟುಂಬಗಳನ್ನು ಬೆಸೆಯುವ ಸೇವೆ ರೆಡ್ ಕ್ರಾಸ್‌ನಲ್ಲಿದೆ; ಅಗತ್ಯವುಳ್ಳವರಿಗೆ ಅದನ್ನು ತಿಳಿಸೋಣ, ಅರ್ಜಿ ಬರೆದುಕೊಡೋಣ. ಎಲ್ಲಕ್ಕಿಂತ ಮಿಗಿಲಾಗಿ, ಕಾಯುವ ಮನೆಗೆ ಮೊದಲ ವಾರವಷ್ಟೇ ಅಲ್ಲ, ಮೂರನೆಯ ವರ್ಷವೂ ಹೋಗೋಣ. "ನಮಗೂ ಗೊತ್ತಿಲ್ಲ, ಆದರೆ ಹುಡುಕುವುದರಲ್ಲಿ ನಿಮ್ಮ ಜೊತೆಗಿದ್ದೇವೆ" ಎನ್ನೋಣ. ಸುಳ್ಳಿಲ್ಲದ ಸಾಂತ್ವನವೆಂದರೆ ಅದೇ.