ವೀಣೆ ಕೈ ಬದಲಿಸುವಾಗ

ಗಲಗಲಿಯ ಸುತ್ತಿನ ಊರುಗಳಲ್ಲಿ ಏಕಾದಶಿಯ ರಾತ್ರಿ ಗುಡಿಯ ಮುಂದೆ ಹಾದು ಹೋದವರಿಗೆ ಭಜನಾ ಮೇಳದ ಪರಿಚಯ ಮಾಡಿಕೊಡಬೇಕಿಲ್ಲ. ಒಂದು ಪೇಟಿ, ಒಂದು ತಬಲಾ, ನಾಲ್ಕಾರು ಜೋಡಿ ತಾಳ, ದಮ್ಮಡಿ. ಕಬ್ಬಿಗೆ ನೀರು ತಿರುವಿ ಬಂದವರು, ರಬಕವಿ-ಬನಹಟ್ಟಿಯ ಕಡೆಗಾದರೆ ಮಗ್ಗ ನಿಲ್ಲಿಸಿ ಬಂದವರು, ಕೈಕಾಲು ತೊಳೆದು ಚಾಪೆಯ ಮೇಲೆ ಕೂಡುತ್ತಾರೆ. ಮುಂದಿನವ ಒಂದು ನುಡಿ ಹೇಳುತ್ತಾನೆ, ಉಳಿದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ನಡುವೆ ಹೊಲದ ಲೈನಿಗೆ ಕರೆಂಟು ಬಂತೆಂದರೆ ಇಬ್ಬರು ಮೆಲ್ಲಗೆ ಎದ್ದು ಮೋಟಾರು ಹಚ್ಚಲು ಹೋಗುತ್ತಾರೆ, ಪದ ಮುಂದುವರಿಯುತ್ತದೆ. ಈ ಮೇಳಗಳ ಚರಿತ್ರೆಯನ್ನು ಯಾರೂ ಅಚ್ಚು ಹಾಕಿಸಿಲ್ಲ. ಯಾರ ಅಜ್ಜ ಯಾರಿಗೆ ತಾಳ ಹಿಡಿಯಲು ಕಲಿಸಿದ, ಯಾರ ಕೈಬರಹದ ವಹಿಯಿಂದ ಯಾರು ಪದ ಇಳಿಸಿಕೊಂಡರು ಎಂಬ ಮಾತಿನಲ್ಲಿಯೇ ಅದು ಉಳಿದಿದೆ. ದಾಸಸಾಹಿತ್ಯದಲ್ಲಿ ಹೆಸರಾದ ಗಲಗಲಿ ಅವ್ವ ಇದೇ ಊರಿನವಳು. ಆಕೆಯ ಹಾಡುಗಳೂ ಬಹುಕಾಲ ಹೆಣ್ಣುಮಕ್ಕಳ ಬಾಯಲ್ಲಿಯೇ ನಡೆದು ಬಂದವು. ಗಂಡಸರ ಮೇಳಕ್ಕಿಂತ ಆ ಬಾಯಿಪಾಠ ಹೆಚ್ಚು ಗಟ್ಟಿಯಾಗಿತ್ತೆಂದೇ ನನ್ನ ಅನಿಸಿಕೆ.

ಗಂಡಸರ ಈ ಸಾಮೂಹಿಕ ಹಾಡಿಗೆ ನಮ್ಮ ಸೀಮೆಯಲ್ಲಿ ಗಟ್ಟಿ ಬುನಾದಿ ಹಾಕಿದ ಪರಂಪರೆಗಳಲ್ಲಿ ಇಂಚಗೇರಿಯದು ಒಂದು. ನಿಂಬರಗಿ ಮಹಾರಾಜರ ಶಿಷ್ಯರಾದ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ನಾಮಸ್ಮರಣೆಯ ಜೊತೆಗೆ ದಿನದ ಭಜನೆಯನ್ನೂ ಸಾಧಕರ ನೇಮವಾಗಿ ಮಾಡಿದರು. ಬೆಳಗಿನ ಕಾಕಡಾರತಿಯಿಂದ ಇರುಳಿನ ಭಜನೆಯವರೆಗೆ ಎಲ್ಲಕ್ಕೂ ಹೊತ್ತುಂಟು, ಕನ್ನಡ ಮರಾಠಿ ಎರಡೂ ಭಾಷೆಯ ಪದಗಳುಂಟು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಶಾಲೆ ಕಲಿಯುವ ವಯಸ್ಸಿನಲ್ಲಿಯೇ, 1901ರಲ್ಲಿ, ಇವರಿಂದ ನಾಮ ಪಡೆದರು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು, ಕುಲಪತಿಯೂ ಆದರು. ಆದರೂ ನೇಮ ಬಿಡಲಿಲ್ಲ. ಕನ್ನಡ ಸಂತರ ಅನುಭಾವವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ, ಅವರು ತೀರಿಕೊಂಡ ಮೂರು ವರ್ಷಕ್ಕೆ, 1960ರಲ್ಲಿ ಪ್ರಕಟವಾಯಿತು. ಹಳ್ಳಿಯ ಗುಡಿಯಲ್ಲಿ ತಾಳದೊಡನೆ ಕೇಳಿಬರುವಂಥ ಪದಗಳನ್ನೇ ಅವರು ಅಲ್ಲಿ ತತ್ತ್ವದ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಇದೇ ಪರಂಪರೆಯ ಮಾಧವಾನಂದ ಪ್ರಭುಗಳು ತಮ್ಮ ಅನುಯಾಯಿಗಳಲ್ಲಿ ಅಂತರ್ಜಾತೀಯ ಮದುವೆಗಳನ್ನು ಮುಂದೆ ನಿಂತು ಮಾಡಿಸಿದರು. ಒಂದೇ ಚಾಪೆಯ ಮೇಲೆ ಕೂತು ಒಂದೇ ಸೊಲ್ಲು ಹಾಡಿದವರು ಒಂದೇ ಪಂಕ್ತಿಯಲ್ಲಿ ಉಣ್ಣಬಾರದೇಕೆ ಎಂಬ ಪ್ರಶ್ನೆಗೆ ಅವರು ಹಾಗೆ ಉತ್ತರ ಕೊಟ್ಟರೆಂದು ನಾನು ತಿಳಿಯುತ್ತೇನೆ.

ಮೇಳದ ಮುಂದಾಳ್ತನ ಎಂಥದೆಂಬುದು ಸಪ್ತಾಹದಲ್ಲಿ ಕಣ್ಣಿಗೆ ಕಾಣುತ್ತದೆ. ಪಂಢರಪುರದ ವಾರಕರಿಗಳಿಂದ ಈ ಕಡೆಗೂ ಬಂದ ಪದ್ಧತಿ ಅದು. ಏಳು ಹಗಲು ಏಳು ರಾತ್ರಿ ವೀಣೆ ನೆಲ ಮುಟ್ಟುವಂತಿಲ್ಲ, ನಾಮ ನಿಲ್ಲುವಂತಿಲ್ಲ. ಕೊರಳಿಗೆ ವೀಣೆ ಹಾಕಿಕೊಂಡು ನಿಂತವನ ಪಹರೆ ಮುಗಿಯುವ ಹೊತ್ತಿಗೆ ಮುಂದಿನವ ಮಿಂದು ಮಡಿಯುಟ್ಟು ಬಂದು ಎದುರಿಗೆ ನಿಲ್ಲುತ್ತಾನೆ. ಇಬ್ಬರೂ ಒಬ್ಬರ ಕಾಲನ್ನು ಒಬ್ಬರು ಮುಟ್ಟಿ ನಮಸ್ಕರಿಸುತ್ತಾರೆ. ಎಪ್ಪತ್ತು ದಾಟಿದ ಮುತ್ಯಾ ಮೀಸೆ ಚಿಗುರದ ಹುಡುಗನ ಕಾಲಿಗೆ ಬಾಗುತ್ತಾನೆ. ಹುಡುಗ ಸಂಕೋಚದಿಂದ ಹಿಂದೆ ಸರಿದರೆ, "ನಿಂದರೋ ತಮ್ಮಾ, ಇದು ನಿನಗಲ್ಲ, ವೀಣಾಕ್ಕ" ಎಂದು ಹಿರಿಯರೇ ತಿಳಿಹೇಳುತ್ತಾರೆ. ಆಮೇಲೆ ದಾರ ಒಂದು ಕೊರಳಿನಿಂದ ಇನ್ನೊಂದು ಕೊರಳಿಗೆ ಬರುತ್ತದೆ. ಹಾಗೆ ಬರುವಾಗಲೂ ನಾಮ ಯಾರ ಬಾಯಲ್ಲಾದರೂ ಇದ್ದೇ ಇರುತ್ತದೆ. ಕೊಟ್ಟವನು ಕೂಡಲೇ ಮನೆಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ಹಿಂದೆ ಕೂತು ತಾಳ ಹಾಕುತ್ತಾನೆ. ಹೊಸಬನ ದನಿ ಅದುರಿದರೆ ಆಸರೆಗೆ ಇರಲೆಂದು.

ಈ ಪದ್ಧತಿ ಹಾಕಿದವರು ಮನುಷ್ಯನ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ದನಿ ಗಟ್ಟಿ ಇರುವಾಗಲೇ ಕೊಡುವ ಅಭ್ಯಾಸ ವೀಣೆ ಹಿಡಿದವನಿಗೆ ಆಗುತ್ತದೆ, ಅದೂ ದಿನಕ್ಕೊಮ್ಮೆ. ನಮ್ಮ ಮನೆಗಳಲ್ಲಿ ಹೀಗಾಗುವುದು ಅಪರೂಪ. ಸೊಸೆ ಬಂದು ಹತ್ತು ವರ್ಷವಾದರೂ ತಿಜೋರಿಯ ಕೀಲಿ ಅತ್ತೆಯ ಸೆರಗಿನಲ್ಲಿ. ಮಗನಿಗೆ ನಲವತ್ತಾದರೂ ಕಾರ್ಖಾನೆಗೆ ಕಬ್ಬು ಕಳಿಸಿದ ಲೆಕ್ಕ ಅಪ್ಪನ ಜೇಬಿನ ಚೀಟಿಯಲ್ಲಿ. ಪ್ರೀತಿಗೆ ಕೊರತೆಯಿಲ್ಲ, ಭಯವಷ್ಟೇ: ಕೊಟ್ಟುಬಿಟ್ಟರೆ ನನ್ನನ್ನು ಯಾರು ಕೇಳುತ್ತಾರೆ? ಹಿಂದೆ ಕೂತು ತಾಳ ಹಾಕುವ ಮುತ್ಯಾನನ್ನು ಮೇಳದವರು ದಿನವೂ ಕೇಳುತ್ತಾರೆ. ಮರೆತ ನುಡಿ ಬೇಕಾದಾಗ ಎಲ್ಲರ ಕಣ್ಣು ಹೊರಳುವುದು ಅವನ ಕಡೆಗೇ. ಕೃಷ್ಣೆಯ ಹಿನ್ನೀರಿಗೆ ಮನೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದ ಬೀಳಗಿ, ಬಾಗಲಕೋಟೆ ಸೀಮೆಯ ಜನ ಅಲ್ಲಿ ಹೊಸದಾಗಿ ಗುಡಿ ಕಟ್ಟಿಕೊಳ್ಳಬಹುದಿತ್ತು, ಕಟ್ಟಿಕೊಂಡರು. ಪದಗಳನ್ನು ಹಾಗೆ ಹೊಸದಾಗಿ ಕಟ್ಟಲು ಬರುವುದಿಲ್ಲ. ಹಿರಿಯರು ಮೊದಲೇ ಬಾಯಿಂದ ಬಾಯಿಗೆ ಕೊಟ್ಟಿದ್ದಷ್ಟೇ ಅವರ ಜೊತೆ ಹೋಯಿತು.

ಸಪ್ತಾಹಕ್ಕೆ ಮುಂಚೆ ಮೇಳದವರು ಪಹರೆ ಪಟ್ಟಿ ಬರೆಯುತ್ತಾರೆ. ಸಂಜೆಯ ಪಹರೆಗೆ ಹೆಸರು ಬೇಗ ತುಂಬುತ್ತವೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನದಕ್ಕೆ ಜನ ಸಾಲುವುದಿಲ್ಲ. ಮನೆಯಲ್ಲಿ ಹದಿನಾಲ್ಕು ಹದಿನೈದರ ಹುಡುಗನಿದ್ದರೆ ಆ ಹೊತ್ತಿಗೆ ಅವನ ಹೆಸರು ಬರೆಸಿ. ಪಕ್ಕದಲ್ಲಿ ತಾಳ ಹಿಡಿಯಲು ನಿಮ್ಮ ಹೆಸರನ್ನೂ ಬರೆಸಿ.