ಇಕೆಮೆಫುನ ಯಾವ ಪಾಯಿಂಟಿಗೆ ಸೇರಿದವನು?

ಮರುದಿನ ವಿಶ್ವಸಾಹಿತ್ಯದ ಪರೀಕ್ಷೆ. ಹಾಸ್ಟೆಲಿನಲ್ಲಿ ಎಂ.ಎ. ಓದುವ ಇಬ್ಬರು ಗೆಳತಿಯರು ಕೃತಿಗೊಂದು ಪುಟದಂತೆ ಥೀಮ್‌ಗಳನ್ನು ಬರೆದಿಟ್ಟುಕೊಂಡು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ‘ಈಡಿಪಸ್’: ವಿಧಿ. ‘ಆಂಟಿಗೊನಿ’: ರಾಜಾಜ್ಞೆ, ಅಂತಃಸಾಕ್ಷಿ. ಚಿನುವಾ ಅಚಿಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಬಂದಾಗ ಒಬ್ಬಳು ಸರಸರನೆ ಹೇಳಿದಳು: ಗಂಡಸುತನದ ಗೀಳು, ವಸಾಹತುಶಾಹಿಯ ಪ್ರವೇಶ, ಸಂಪ್ರದಾಯದ ಕುಸಿತ.

“ಅಪ್ಪಾ ಅಂತ ಕರೀತಿದ್ದ ಹುಡುಗನ್ನ ಕೊಂದ್ನಲ್ಲ, ಅದು ಯಾವ ಪಾಯಿಂಟಿಗೆ ಬರುತ್ತೆ ಕಣೇ?”

“ಮೊದಲನೇದಕ್ಕೆ ಹಾಕ್ಕೋ. ಮುಂದಿನ್ದು ಹೇಳು.”

ಪಟ್ಟಿ ಒಪ್ಪಿಸಿದವಳನ್ನು ಸೋಮಾರಿ ಎನ್ನಲಾರೆ. ಒಂದೇ ಸೆಮಿಸ್ಟರಿನಲ್ಲಿ ಗ್ರೀಸಿನಿಂದ ನೈಜೀರಿಯಾದವರೆಗೆ ಓಡಿಸುವ ಪಠ್ಯಕ್ರಮಕ್ಕೆ ಅವಳು ಕಂಡುಕೊಂಡ ಉಪಾಯ ಆ ಪಟ್ಟಿ. ಆದರೂ ಆ ಗಳಿಗೆಯಲ್ಲಿ ಕೈಬಿಟ್ಟದ್ದು ಸಣ್ಣ ಸಂಗತಿಯಲ್ಲ.

ಆ ಹುಡುಗ ಇಕೆಮೆಫುನ, ಮೂರು ವರ್ಷ ಕಾದಂಬರಿಯ ನಾಯಕ ಒಕೊಂಕ್ವೊನ ಮನೆಯಲ್ಲಿ ಬೆಳೆದವನು. ದೈವ ಕೇಳಿದ್ದು ಹುಡುಗನ ಪ್ರಾಣವನ್ನು, ಸಾಕುತಂದೆಯ ಕೈಯನ್ನಲ್ಲ. ಇದರಲ್ಲಿ ನೀನು ಸೇರಬೇಡ ಎಂದು ಊರ ಹಿರಿಯ ಎಜ್ಯೂಡು ಎಚ್ಚರಿಸಿದ್ದ. ಗೆಳೆಯ ಒಬಿಯೆರಿಕ ಕೊಲ್ಲಲು ಹೊರಟವರ ಜೊತೆ ಹೋಗದೆ ಮನೆಯಲ್ಲೇ ಉಳಿದ. ತನ್ನತ್ತ ಓಡಿಬಂದ ಹುಡುಗನನ್ನು ಒಕೊಂಕ್ವೊ ಕಡಿದದ್ದು ಅಂಜುಬುರುಕ ಎನಿಸಿಕೊಳ್ಳುವ ಭಯಕ್ಕೆ. ಮಗ ನ್ವೋಯೆ ಅಪ್ಪನಿಂದ ಒಳಗೊಳಗೇ ದೂರವಾದ. ವರ್ಷಗಳ ನಂತರ ಮಿಷನರಿಗಳ ಹಾಡು ಕೇಳಿದಾಗ, ಊರ ಪದ್ಧತಿಯಂತೆ ಕಾಡಿನಲ್ಲಿ ಎಸೆದ ಅವಳಿ ಕೂಸುಗಳ ಅಳುವಿಗೂ ಇಕೆಮೆಫುನನ ಸಾವಿಗೂ ಅದರಲ್ಲಿ ಉತ್ತರವಿದ್ದಂತೆ ಅವನಿಗೆ ತೋರಿತು. ಮನೆ ಬಿಟ್ಟು ಅವರನ್ನು ಸೇರಿಕೊಂಡ.

ಅಂದರೆ ಪಟ್ಟಿಯ ಮೊದಲನೆಯ ಅಂಶವೇ ಎರಡನೆಯದಕ್ಕೆ ದಾರಿ ಮಾಡಿಕೊಟ್ಟಿದೆ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದರೆ ಮನೆಯೊಳಗಿನ ಕೊಲೆ ಒಬ್ಬನ ಸ್ವಭಾವದೋಷವಾಗಿ ಕರಗುತ್ತದೆ, ಕುಸಿತದ ಹೊಣೆಯೆಲ್ಲ ಹೊರಗಿನವರ ಮೇಲೆ ಬೀಳುತ್ತದೆ. ಅಚಿಬೆ ಬಿಳಿಯರಿಗೆ ಎಳ್ಳಷ್ಟೂ ರಿಯಾಯಿತಿ ಕೊಟ್ಟವರಲ್ಲ; ತಮ್ಮವರ ಲೆಕ್ಕವನ್ನೂ ಮುಚ್ಚಿಡಲಿಲ್ಲ. ನಾನು ಅವರನ್ನು ಗೌರವಿಸುವುದು ಈ ಧೈರ್ಯಕ್ಕಾಗಿ.

ಕಾದಂಬರಿಯ ಕೊನೆಯಲ್ಲಿ ಜಿಲ್ಲಾ ಕಮಿಷನರ್, ಒಕೊಂಕ್ವೊನ ಬದುಕಿಗೆ ತನ್ನ ಪುಸ್ತಕದಲ್ಲಿ ಒಂದು ಪ್ಯಾರಾ ಸಾಕೆಂದು ತೀರ್ಮಾನಿಸುತ್ತಾನೆ. ಇಂಥ ಪುಟವಿರುವ ಕೃತಿಯ ಬಗ್ಗೆಯೇ ‘ಮುಖ್ಯ ಆಶಯಗಳನ್ನು ಚರ್ಚಿಸಿ’ ಎಂದು ಪ್ರಶ್ನೆ ತೆಗೆಯುವವರದು ತಪ್ಪಿನ ದೊಡ್ಡ ಪಾಲು. ‘ನ್ವೋಯೆ ಏಕೆ ಮನೆ ಬಿಟ್ಟ?’ ಎಂದು ಕೇಳಿದರೆ ಯಾವ ಗೈಡೂ ನೆರವಿಗೆ ಬಾರದು. ಉಳಿದ ಪಾಲು ಆ ಹುಡುಗಿಯದು. ಗೆಳತಿ ಕೇಳಿದಾಗ ಪುಸ್ತಕ ಮಂಚದ ಮೇಲೇ ಇತ್ತು. ಆ ಕೊಲೆ ನಡೆಯುವ ಏಳನೆಯ ಅಧ್ಯಾಯ ಓದಲು ಅರ್ಧ ಗಂಟೆ ಬೇಕಿರಲಿಲ್ಲ.